ಹೀರೋ ಬಂದ, ಕ್ಯಾಮೆರಾ ಬಂತು... ಷೆಡ್ಯೂಲು ಎಲ್ಲಿ?

ಶುಕ್ರವಾರದ ಮೊದಲ ಆಟ. ಕಟೌಟಿಗೆ ಹಾರ, ಗೇಟಿನಲ್ಲಿ ನೂಕುನುಗ್ಗಲು, ಹೀರೋ ಎಂಟ್ರಿಗೆ ಶಿಳ್ಳೆಯೋ ಶಿಳ್ಳೆ! ಮೊದಲ ದೃಶ್ಯದಲ್ಲಿ ನಾಯಕ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಾನೆ. ನುಣ್ಣನೆ ಮುಖ, ಹೊಸ ಷರಟು, ಕಣ್ಣ ತುಂಬ ಕನಸು. ಕೊನೆಯ ದೃಶ್ಯದಲ್ಲಿ ಎಲ್ಲವನ್ನೂ ಕಳೆದುಕೊಂಡು ಅದೇ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುತ್ತಾನೆ. ಗಡ್ಡ ಬೆಳೆದಿದೆ, ಷರಟು ಹರಿದಿದೆ. ಬಾಲ್ಕನಿಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಈ ಎರಡು ದೃಶ್ಯಗಳ ನಡುವೆ ಪ್ರೇಕ್ಷಕನಿಗೆ ಎರಡೂವರೆ ಗಂಟೆ. ಷೂಟಿಂಗಿನಲ್ಲಿ ಎಷ್ಟು ಹೊತ್ತು ಗೊತ್ತಾ? ಬಹಳ ಅಂದರೆ ಗಡ್ಡ ಅಂಟಿಸುವಷ್ಟು ಹೊತ್ತು!

ಹೌದು ಮಿತ್ರರೇ. ಬಸ್ ಸ್ಟ್ಯಾಂಡಿನ ದೃಶ್ಯಗಳನ್ನೆಲ್ಲ ಒಟ್ಟಿಗೆ, ಒಂದೇ ಬೆಳಿಗ್ಗೆ ತೆಗೆದು ಮುಗಿಸಿಬಿಡುತ್ತಾರೆ. ಕಥೆಯ ಪ್ರಕಾರ ಚಿತ್ರ ತೆಗೆಯುವವರು ಅಪರೂಪ. ಹಾಗಾದರೆ ಯಾವ ದೃಶ್ಯ ಯಾವ ದಿನ, ಯಾವ ಜಾಗದಲ್ಲಿ, ಯಾರು ಬರಬೇಕು, ಏನು ತರಬೇಕು ಎಂದು ಮೊದಲೇ ಕೂತು ಬರೆದವನು ಯಾರು? ಅವನಿಗೆ ಕಟೌಟ್ ಇಲ್ಲ, ಹಾರ ಇಲ್ಲ. ಟೈಟಲ್ ಕಾರ್ಡಿನಲ್ಲಿ ಅವನ ಹೆಸರು ಬರುವ ಹೊತ್ತಿಗೆ ನಾವು ಸೈಕಲ್ ಸ್ಟ್ಯಾಂಡಿನಲ್ಲಿರುತ್ತೇವೆ. ಆದರೆ ಅವನ ಲೆಕ್ಕ ತಪ್ಪಿದರೆ ನಿರ್ಮಾಪಕ ಸಾಲಕ್ಕೆ ಬೀಳುತ್ತಾನೆ, ಲೈಟ್ ಹುಡುಗರ ಬಾಟಾ ನಿಲ್ಲುತ್ತದೆ, ಚಿತ್ರ ಡಬ್ಬದಲ್ಲೇ ಉಳಿಯುತ್ತದೆ.

ಈ ವಾರ ಆ ಕಾಣದ ಕೆಲಸದ ಕಥೆ. ಒಂದು ಕಾಲಕ್ಕೆ ಉದ್ದನೆಯ ನೋಟ್‌ಬುಕ್ಕಿನಲ್ಲಿ ನಡೆಯುತ್ತಿದ್ದ ಆ ಕೆಲಸ ಇವತ್ತು ಕಂಪ್ಯೂಟರಿಗೆ ಬಂದಿದೆ. ಅದನ್ನು ಕಲಿಯಲು ಗಾಂಧಿನಗರಕ್ಕೆ ಹೋಗಬೇಕಿಲ್ಲ. ಊರಲ್ಲೇ ಕೂತು ಕಲಿಯಬಹುದು.

ಹಾಲು ಕಾಯೋಲ್ಲ ಕಣಪ್ಪಾ!

ಚಾಮರಾಜನಗರದ ಕಡೆಯ ಹುಡುಗರಿಗೆ ಸಿನಿಮಾ ಹುಚ್ಚು ಹೊಸದಲ್ಲ. ಅಣ್ಣಾವ್ರು ಹುಟ್ಟಿದ ಗಾಜನೂರು ನಮ್ಮ ಗಡಿಗೆ ಅಂಟಿಕೊಂಡೇ ಇದೆ, ತಮಿಳುನಾಡಿನ ತಾಳವಾಡಿ ಕಡೆ. 'ನಮ್ಮೂರ ಕಡೇವ್ರು' ಎಂಬ ಹೆಮ್ಮೆ ಇಲ್ಲಿ ಪ್ರತಿ ಟೀ ಅಂಗಡಿಯಲ್ಲೂ ಕೇಳುತ್ತದೆ. ಈಗ ಕೈಗೊಂದು ಮೊಬೈಲು ಬಂದ ಮೇಲಂತೂ ಊರಿಗೆ ನಾಲ್ಕು ಜನ ನಿರ್ದೇಶಕರು. "ಕ್ಯಾಮ್ರಾ ಅದ, ಹುಡುಗ್ರವ್ರೆ, ಬಾರ್ಲಾ ತೆಗ್ದುಬುಡಮ" ಎಂದು ಕಿರುಚಿತ್ರ ಶುರು ಮಾಡುತ್ತಾರೆ. ಮೂರು ಭಾನುವಾರ ಹುರುಪು. ನಾಲ್ಕನೇ ಭಾನುವಾರ ಹೀರೋ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾನೆ. ಐದನೆಯದಕ್ಕೆ ಅರ್ಧ ಕ್ರಾಪು ಕತ್ತರಿಸಿಕೊಂಡು ಬರುತ್ತಾನೆ. ಅಲ್ಲಿಗೆ ಚಿತ್ರ ಸಮಾಪ್ತಿ!

ಕಥೆ ಸರಿಯಿಲ್ಲ ಎಂದು ನಿಂತದ್ದಲ್ಲ, ದುಡ್ಡಿಲ್ಲ ಎಂದೂ ಅಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರೂ ಬರೆದಿರಲಿಲ್ಲ, ಅಷ್ಟೆ.

ಇದು ಅರ್ಥವಾಗಬೇಕಾದರೆ ಸಂತೆಮರಹಳ್ಳಿ ಕಡೆಯ ಕುದೇರಿಗೆ ಬನ್ನಿ. ಜಿಲ್ಲೆಯ ಹಾಲು ಒಕ್ಕೂಟದ ಡೇರಿ ಇರುವುದು ಇಲ್ಲೇ. ಚಾಮುಲ್ ಎಂದರೆ ಎಲ್ಲರಿಗೂ ಗೊತ್ತು. ಸುತ್ತಲ ಹಳ್ಳಿಗಳಲ್ಲಿ ಬೆಳಿಗ್ಗೆ ಹಾಲು ಕರೆದ ಮೇಲೆಯೇ ಸಂಘಕ್ಕೆ. ಸಂಘದಲ್ಲಿ ಅಳತೆ, ಪರೀಕ್ಷೆ ಆದ ಮೇಲೆಯೇ ಗಾಡಿಗೆ. ಗಾಡಿ ಡೇರಿ ಮುಟ್ಟಿದ ಮೇಲೆಯೇ ತಂಪು ಮಾಡುವುದು, ಪ್ಯಾಕೆಟ್ಟು ಮಾಡುವುದು. ಒಂದು ಮುಗಿಯದೆ ಇನ್ನೊಂದು ಶುರುವಾಗದು. ಒಂದು ಹಳ್ಳಿಯಲ್ಲಿ ತಡವಾದರೆ ಆ ರೂಟಿನ ಮುಂದಿನ ಹಳ್ಳಿಗಳೆಲ್ಲ ಕಾಯಬೇಕು. ಜನ ಕಾದಾರು, ಹಾಲು ಕಾಯುವುದಿಲ್ಲ. ಒಡೆದು ಹೋಗುತ್ತದೆ!

ಷೆಡ್ಯೂಲಿನ ಮೊದಲ ಪಾಠ ಇಷ್ಟೇ. ಷೆಡ್ಯೂಲು ಎಂದರೆ ಬರೀ ತಾರೀಖುಗಳ ಪಟ್ಟಿ ಅಲ್ಲ. ಯಾರು ಯಾರಿಗಾಗಿ ಕಾಯಬೇಕು ಎಂಬುದರ ಪಟ್ಟಿ. ಸಂಘಕ್ಕೆ ದಿನಾ ಹಾಲು ಹಾಕುವ ಹುಡುಗನಿಗೆ ಇದು ಹೊಸದಾಗಿ ಹೇಳಿಕೊಡಬೇಕಾದ್ದೇನೂ ಇಲ್ಲ. ಅವನಿಗೆ ಬೇಕಾದ್ದು ಅದನ್ನು ಬರೆದಿಡುವ ವಿದ್ಯೆ.

ರಟ್ಟಿನ ಪಟ್ಟಿಯಿಂದ ಕಂಪ್ಯೂಟರಿಗೆ

ಈ ವಿದ್ಯೆ ಹುಟ್ಟಿದ್ದು ಸಿನಿಮಾದಲ್ಲಲ್ಲ, ಕಾರ್ಖಾನೆಯಲ್ಲಿ. 1910ರ ದಶಕದಲ್ಲಿ ಅಮೆರಿಕದ ಇಂಜಿನಿಯರ್ ಹೆನ್ರಿ ಗ್ಯಾಂಟ್ ಕೆಲಸಕ್ಕೊಂದು ಅಡ್ಡಗೆರೆ ಎಳೆಯುವ ನಕ್ಷೆಯನ್ನು ಬಳಕೆಗೆ ತಂದ. ಕೆಲಸ ಎಷ್ಟು ದಿನದ್ದೋ ಗೆರೆ ಅಷ್ಟು ಉದ್ದ. ಇವತ್ತಿಗೂ ಅದಕ್ಕೆ 'ಗ್ಯಾಂಟ್ ಚಾರ್ಟ್' ಎಂದೇ ಹೆಸರು. 1957ರಲ್ಲಿ ಡ್ಯುಪಾಂಟ್ ಎಂಬ ರಾಸಾಯನಿಕ ಕಂಪನಿಗಾಗಿ 'ಕ್ರಿಟಿಕಲ್ ಪಾತ್' ಎಂಬ ಲೆಕ್ಕ ಬಂತು. ಅದರ ಮರುವರ್ಷ 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ 'ಪರ್ಟ್' ಎಂಬ ಇನ್ನೊಂದು ವಿಧಾನ ಹೂಡಿತು. ಸಾವಿರಾರು ಕೆಲಸ, ನೂರಾರು ಕಂಪನಿ. ಯಾವುದು ತಡವಾದರೆ ಇಡೀ ಯೋಜನೆ ತಡ ಎಂದು ಲೆಕ್ಕ ಹಾಕಿ ಹಿಡಿಯುವುದೇ ಎರಡರ ಗುಟ್ಟು.

ಹಾಲಿವುಡ್‌ನವರು ತಮ್ಮದೇ ದಾರಿ ಹಿಡಿದಿದ್ದರು. ಒಂದು ದೃಶ್ಯಕ್ಕೆ ಒಂದು ರಟ್ಟಿನ ಪಟ್ಟಿ. ಹಗಲಿನ ಒಳಾಂಗಣಕ್ಕೆ ಬಿಳಿ, ಹಗಲಿನ ಹೊರಾಂಗಣಕ್ಕೆ ಹಳದಿ, ರಾತ್ರಿಯ ಒಳಾಂಗಣಕ್ಕೆ ನೀಲಿ, ರಾತ್ರಿಯ ಹೊರಾಂಗಣಕ್ಕೆ ಹಸಿರು. ಪಟ್ಟಿಗಳನ್ನು ಉದ್ದನೆಯ ಹಲಗೆಯಲ್ಲಿ ಸಾಲಾಗಿ ಜೋಡಿಸಿ, ಬೇಕೆಂದಾಗ ಕಿತ್ತು ಬೇರೆ ಕಡೆ ಸಿಕ್ಕಿಸುವುದು. ಮಳೆ ಬಂತೇ? ಹಳದಿ ಪಟ್ಟಿ ಕಿತ್ತು ಬಿಳಿ ಪಟ್ಟಿ ಹಾಕು. ಹೊರಗಿನ ದೃಶ್ಯ ನಾಳೆಗೆ, ಒಳಗಿನದು ಇವತ್ತಿಗೆ!

ಆಮೇಲೆ ಕಂಪ್ಯೂಟರ್ ಬಂತು. 1983ರಲ್ಲಿ ಪ್ರೈಮಾವೆರಾ ಕಂಪನಿ, 1984ರಲ್ಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್. ಸೇತುವೆ, ಅಣೆಕಟ್ಟು, ಕಾರ್ಖಾನೆ ಕಟ್ಟುವವರಿಗೆ ಇಂಥವೇ ಬಲಗೈ. ಸಿನಿಮಾದವರ ರಟ್ಟಿನ ಹಲಗೆಯೂ 'ಮೂವಿ ಮ್ಯಾಜಿಕ್ ಷೆಡ್ಯೂಲಿಂಗ್' ಎಂಬ ಹೆಸರಿನಲ್ಲಿ ಕಂಪ್ಯೂಟರ್ ಪರದೆಗೆ ಏರಿತು. ಬಣ್ಣ ಮಾತ್ರ ಅವೇ!

ಕುದೇರಿನಲ್ಲೇ ಒಂದು ಚಿತ್ರ

ಸರಿ, ಈಗ ನಾವೇ ಒಂದು ಚಿತ್ರ ತೆಗೆಯೋಣ. ಬರೀ ಲೆಕ್ಕಕ್ಕೆ ಕಲ್ಪಿಸಿಕೊಂಡ ಸಣ್ಣ ಚಿತ್ರ. ಒಟ್ಟು 30 ದೃಶ್ಯ. ಕುದೇರಿನ ಮನೆಯೊಂದರಲ್ಲಿ 12, ಊರ ಬೀದಿ ಮತ್ತು ಟೀ ಅಂಗಡಿಯಲ್ಲಿ 7, ಗುಂಡ್ಲುಪೇಟೆ ಕಡೆಯ ಹೂವಿನ ಹೊಲದಲ್ಲಿ 5, ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ 4, ಆಸ್ಪತ್ರೆಯಲ್ಲಿ 2. ಕೂಡಿದರೆ ಮೂವತ್ತು.

ಮೊದಲ ಕೆಲಸ, ಚಿತ್ರಕಥೆಯನ್ನು ಬಿಡಿಸುವುದು. ಒಂದೊಂದು ದೃಶ್ಯಕ್ಕೂ ಒಂದೊಂದು ಸಾಲು: ಜಾಗ, ಹಗಲೋ ರಾತ್ರಿಯೋ, ಯಾರ್ಯಾರು ನಟರು, ಯಾವ ಬಟ್ಟೆ, ಯಾವ ಸಾಮಾನು, ಚಿತ್ರಕಥೆಯಲ್ಲಿ ಎಷ್ಟು ಪುಟ. ಪುಟವನ್ನು ಎಂಟು ಭಾಗ ಮಾಡಿ ಲೆಕ್ಕ ಇಡುವುದು ಹಾಲಿವುಡ್‌ನ ಪದ್ಧತಿ. ಅರ್ಧ ಪುಟದ ದೃಶ್ಯ ಎಂದರೆ ಎಂಟರಲ್ಲಿ ನಾಲ್ಕು. 'ಅಮ್ಮ ಬಾಗಿಲು ತೆಗೆದಳು' ಎಂಬುದೂ ಒಂದು ದೃಶ್ಯ, 'ಊರೆಲ್ಲ ಸೇರಿ ಪಂಚಾಯ್ತಿ ಮಾಡಿತು' ಎಂಬುದೂ ಒಂದು ದೃಶ್ಯ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ಕೆಟ್ಟಿತು.

ಎರಡನೆಯದು, ಗುಂಪು ಮಾಡುವುದು. ಮನೆಯ ದೃಶ್ಯ ದಿನಕ್ಕೆ ಮೂರರಂತೆ 4 ದಿನ. ಬೀದಿ 2 ದಿನ, ಹೊಲ 2 ದಿನ, ಬಸ್ ಸ್ಟ್ಯಾಂಡ್ 1, ಆಸ್ಪತ್ರೆ 1. ಒಟ್ಟು 10 ದಿನ. ಐದು ಜಾಗ, ನಡುವೆ ನಾಲ್ಕೇ ಸಲ ಗಂಟುಮೂಟೆ ಕಟ್ಟುವುದು. ಕಥೆಯ ಪ್ರಕಾರವೇ ತೆಗೆಯುತ್ತೇನೆ ಎಂದು ಹಟ ಹಿಡಿದು ಹದಿನೈದು ಸಲ ಜಾಗ ಬದಲಿಸಿದಿರಿ ಅಂತಿಟ್ಟುಕೊಳ್ಳಿ. ಹನ್ನೊಂದು ಓಡಾಟ ಹೆಚ್ಚು. ಕ್ಯಾಮೆರಾ, ಲೈಟು, ಊಟದ ಪಾತ್ರೆ ಎಲ್ಲ ಎತ್ತಿ ಇಳಿಸಲು ಒಂದಕ್ಕೆ ಅರ್ಧ ದಿನ ಹಿಡಿದರೂ ಐದೂವರೆ ದಿನ ಗಾಳಿಗೆ! ಅಷ್ಟು ದಿನದ ಊಟ, ಬಾಟಾ, ಬಾಡಿಗೆ ಯಾರಪ್ಪನ ಮನೆಯದು? ನಿರ್ಮಾಪಕನ ಮನೆಯದು.

ಅಸಲಿ ಹೀರೋ ಯಾರು?

ಈಗ ಬರುತ್ತದೆ ನೋಡಿ ಸ್ವಾರಸ್ಯ. ಷೂಟಿಂಗಿಗೆ ಮುಂಚೆ ಏನೇನು ಆಗಬೇಕು? ಚಿತ್ರಕಥೆ ಪೂರ್ತಿ ಮಾಡಲು 10 ದಿನ. ಅದಾದ ಮೇಲೆ ಜಾಗ ಹುಡುಕಲು 6 ದಿನ. ಜಾಗ ಗೊತ್ತಾದ ಮೇಲೆ ಅನುಮತಿ ಪತ್ರಗಳಿಗೆ 15 ದಿನ. ಇನ್ನೊಂದು ಕಡೆ, ಚಿತ್ರಕಥೆ ಆದ ಮೇಲೆ ನಟರ ಆಯ್ಕೆಗೆ 8 ದಿನ. ಆಯ್ಕೆ ಆದ ಮೇಲೆ ಬಟ್ಟೆ ಹೊಲಿಸಲು 7 ದಿನ, ತಾಲೀಮಿಗೆ 5 ದಿನ. ಜಾಗ ನೋಡಿದ ಮೇಲೆ ಕ್ಯಾಮೆರಾ, ಲೈಟು ಬುಕ್ ಮಾಡಲು 3 ದಿನ.

ಸಾಮಾನ್ಯ ಮನುಷ್ಯ ಏನು ಮಾಡುತ್ತಾನೆ? ಎಲ್ಲವನ್ನೂ ಕೂಡಿ 54 ದಿನ ಎಂದು ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಇಲ್ಲವೇ, 'ಏನೂ ಆಗಲ್ಲ ಬುಡ್ಲಾ, ಹದಿನೈದು ದಿನ ಸಾಕು' ಎಂದು ಮುಹೂರ್ತ ಇಡಿಸುತ್ತಾನೆ. ಎರಡೂ ತಪ್ಪು! ಕೆಲವು ಕೆಲಸ ಜೊತೆಜೊತೆಗೆ ನಡೆಯುತ್ತವೆ. ದಾರಿಗಳನ್ನು ಬೇರೆ ಬೇರೆ ಮಾಡಿ ಕೂಡಿ ನೋಡಿ.

ಚಿತ್ರಕಥೆ, ಜಾಗ, ಅನುಮತಿ: 10, 6, 15. ಒಟ್ಟು 31 ದಿನ.
ಚಿತ್ರಕಥೆ, ನಟರು, ಬಟ್ಟೆ: 10, 8, 7. ಒಟ್ಟು 25 ದಿನ.
ಚಿತ್ರಕಥೆ, ನಟರು, ತಾಲೀಮು: 10, 8, 5. ಒಟ್ಟು 23 ದಿನ.
ಚಿತ್ರಕಥೆ, ಜಾಗ, ಕ್ಯಾಮೆರಾ: 10, 6, 3. ಒಟ್ಟು 19 ದಿನ.

ಎಲ್ಲಕ್ಕಿಂತ ಉದ್ದದ ದಾರಿ 31 ದಿನದ್ದು. ಅದೇ ಕ್ರಿಟಿಕಲ್ ಪಾತ್. ಷೂಟಿಂಗ್ 32ನೇ ದಿನಕ್ಕಿಂತ ಮೊದಲು ಶುರುವಾಗದು. ದರ್ಜಿ ಐದು ದಿನ ಸತಾಯಿಸಿದರೂ ಷೂಟಿಂಗಿಗೆ ಏನೂ ಆಗದು; ಅವನಿಗೆ ಆರು ದಿನದ ಬಿಡುವು ಇದೆ. ತಾಲೀಮಿಗೆ ಎಂಟು ದಿನ, ಕ್ಯಾಮೆರಾ ಬುಕಿಂಗಿಗೆ ಹನ್ನೆರಡು ದಿನ ಬಿಡುವು. ಆದರೆ ಅನುಮತಿ ಕಾಗದ ಒಂದೇ ಒಂದು ದಿನ ತಡವಾಗಲಿ, ಮುಹೂರ್ತ ಒಂದು ದಿನ ಮುಂದಕ್ಕೆ!

ನಾವು ಏನು ಮಾಡುತ್ತೇವೆ? ದರ್ಜಿ ಮೇಲೆ ಕೂಗಾಡುತ್ತೇವೆ. ಕಾಗದ ಯಾವ ಟೇಬಲ್ ಮೇಲಿದೆ ಎಂದು ಕೇಳುವುದಿಲ್ಲ. ಈ ಚಿತ್ರದ ಅಸಲಿ ಹೀರೋ ಕ್ಯಾಮೆರಾ ಮುಂದೆ ನಿಲ್ಲುವವನಲ್ಲ. ಕಚೇರಿಯಲ್ಲಿ ಮಲಗಿರುವ ಆ ಕಾಗದ. ಅದನ್ನು ಎಬ್ಬಿಸಲು ಓಡಾಡುವವನೇ ಮುಖ್ಯ ಮನುಷ್ಯ. ಕಂಪ್ಯೂಟರಿಗೆ ಕೆಲಸ, ದಿನ, ಯಾವುದರ ಹಿಂದೆ ಯಾವುದು ಎಂಬ ಮೂರು ಸಂಗತಿ ಕೊಟ್ಟರೆ ಸಾಕು. ಆ ಉದ್ದದ ದಾರಿಯನ್ನು ಬೇರೆಯಾಗಿ ಎತ್ತಿ ತೋರಿಸುತ್ತದೆ. ಒಂದು ಅಂಕಿ ಬದಲಿಸಿದರೆ ಮುಂದಿನ ತಾರೀಖೆಲ್ಲ ತಾನಾಗಿ ಬದಲಾಗುತ್ತದೆ. ಕಾಗದದ ಮೇಲೆ ಈ ಆಟ ಆಡಲು ರಬ್ಬರು ಸವೆಯುತ್ತದೆ!

ಹೂವು, ಕಾಡು, ಗೇಟು

ಆದರೆ ಗುರೂ, ಕಂಪ್ಯೂಟರಿಗೆ ನಮ್ಮ ಸೀಮೆ ಗೊತ್ತಿಲ್ಲ. ಅದನ್ನು ಹೇಳಿಕೊಡಬೇಕಾದವರು ನಾವು.

ಗುಂಡ್ಲುಪೇಟೆ ಸುತ್ತ ಮುಂಗಾರಿನ ಹೊತ್ತಿಗೆ ಸೂರ್ಯಕಾಂತಿ, ಚೆಂಡುಹೂವು ಅರಳಿ ಹೊಲವೆಲ್ಲ ಹಳದಿ. ಹಾಡು ತೆಗೆಯಲು ಹೇಳಿ ಮಾಡಿಸಿದ ಜಾಗ. ಆದರೆ ಆ ಹಳದಿ ವರ್ಷವೆಲ್ಲ ಇರುವುದಿಲ್ಲ. ಓಣಂ ಹೊತ್ತಿಗೆ ಕೇರಳಕ್ಕೆ ಚೆಂಡುಹೂವು ಹೋಗುತ್ತದೆ. ಒಳ್ಳೆ ರೇಟು ಬಂದ ದಿನ ರೈತ ಹೂವು ಕೊಯ್ಯದೆ ನಿಮ್ಮ ನಾಯಕಿ ಬರುವವರೆಗೆ ಕಾಯುತ್ತಾನೆಯೇ? ಆದ್ದರಿಂದ ಹೊಲದ ಎರಡು ದಿನ ಯಾವುದು ಎಂದು ಮೊದಲು ರೈತನನ್ನು ಕೇಳಬೇಕು, ಆಮೇಲೆ ನಾಯಕಿಯನ್ನು!

ಅಲ್ಲಿಂದ ಮುಂದೆ ಬಂಡೀಪುರ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ. ಹಗಲೆಲ್ಲ ಷೂಟಿಂಗ್ ಮಾಡಿ ರಾತ್ರಿ ಯೂನಿಟ್ ವ್ಯಾನಿನಲ್ಲಿ ಊಟಿಗೆ ಹೋಗಿಬಿಡೋಣ ಎಂದು ಪಟ್ಟಿ ಹಾಕಿದವನು ಗೇಟಿನ ಮುಂದೆ ಬೆಳಗು ಮಾಡಬೇಕಾದೀತು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೋ, ಖಾಸಗಿ ವಾಹನ ಮೇಲೆ ಬಿಡುವುದಿಲ್ಲ. ಬುಡದಿಂದ ಸರ್ಕಾರಿ ಬಸ್ಸು. ಅಲ್ಲಿ ಷೂಟಿಂಗ್ ಎಂದರೆ ಅರಣ್ಯ ಇಲಾಖೆಯ ಮಾತು ಬೇಕೇ ಬೇಕು. 2025ರ ಏಪ್ರಿಲ್‌ನಲ್ಲಿ ಆ ಬೆಟ್ಟದಲ್ಲಿ ಮಲಯಾಳಂ ಚಿತ್ರವೊಂದರ ಷೂಟಿಂಗಿಗೆ ಅನುಮತಿ ಕೊಟ್ಟದ್ದೇ ಪರಿಸರದವರ ವಿರೋಧಕ್ಕೆ ಕಾರಣವಾಯಿತು. ಹುಲಿ ಇರುವ ಕಾಡು, ಸ್ವಾಮಿ! ನಮ್ಮ ಜನರೇಟರ್ ಸದ್ದಿಗೆ ಅದು ಇರುವುದಲ್ಲ. ಬೆಟ್ಟವನ್ನು ದೂರದಿಂದ ತೋರಿಸಿ, ದೃಶ್ಯವನ್ನು ಹೊಲದಲ್ಲೇ ತೆಗೆಯಬಹುದಾದರೆ ಒಂದು ದೊಡ್ಡ ಅನುಮತಿಯೇ ಪಟ್ಟಿಯಿಂದ ಮಾಯ!

ನಟರದೂ ಹೀಗೆಯೇ. ಒಬ್ಬೊಬ್ಬರಿಗೆ ಒಂದೊಂದು ಕ್ಯಾಲೆಂಡರ್. 1991ರ 'ಶಾಂತಿ ಕ್ರಾಂತಿ' ನೆನಪಿದೆಯೇ? ಕ್ರೇಜಿಸ್ಟಾರ್ ರವಿಚಂದ್ರನ್ ನಾಲ್ಕು ಭಾಷೆಯಲ್ಲಿ ಹೂಡಿದ ಭಾರೀ ಸಾಹಸ. ಕನ್ನಡಕ್ಕೆ ರವಿಚಂದ್ರನ್, ತೆಲುಗಿಗೆ ನಾಗಾರ್ಜುನ, ತಮಿಳು-ಹಿಂದಿಗೆ ರಜನಿಕಾಂತ್. ಗಲ್ಲಾಪೆಟ್ಟಿಗೆಯಲ್ಲಿ ಚಿತ್ರ ಸೋತಿತು. ಆ ನಷ್ಟದ ಬಗ್ಗೆ ರವಿಚಂದ್ರನ್ ಅವರೇ ಎಷ್ಟೋ ಸಲ ಬಾಯಿ ಬಿಟ್ಟು ಹೇಳಿದ್ದಾರೆ. ಸೋಲು-ಗೆಲುವಿನ ಮಾತು ಹಾಗಿರಲಿ. ಅಂಥ ಚಿತ್ರದ ಪಟ್ಟಿ ಬರೆಯುವವನ ಪಾಡು ಒಂದು ಕ್ಷಣ ಯೋಚಿಸಿ! ಸೆಟ್ಟು ಒಂದು, ಸ್ಟಾರ್‌ಗಳು ಮೂವರು, ಮೂವರ ಕಾಲ್‌ಷೀಟೂ ಬೇರೆ ಬೇರೆ. ಕಂಪ್ಯೂಟರಿನಲ್ಲಿ ಇದಕ್ಕೆ 'ರಿಸೋರ್ಸ್' ಎನ್ನುತ್ತಾರೆ. ಒಬ್ಬನೇ ನಟನನ್ನು, ಒಂದೇ ಕ್ಯಾಮೆರಾವನ್ನು ಒಂದೇ ದಿನ ಎರಡು ಕಡೆ ಬರೆದಿದ್ದರೆ ಅದು ಎಚ್ಚರಿಸುತ್ತದೆ.

ಸುಳ್ಳು ಹೇಳದ ಪಟ್ಟಿ

ಪಟ್ಟಿ ಹಾಕುವುದು ಅರ್ಧ ವಿದ್ಯೆ. ಇನ್ನರ್ಧ, ದಿನಾ ಸಂಜೆ ಅದರ ಮುಂದೆ ಕೂತು ನಿಜ ಬರೆಯುವುದು. ಬಹಳ ಜನ ಬೀಳುವುದು ಇಲ್ಲಿಯೇ.

ನಮ್ಮ ಕುದೇರಿನ ಚಿತ್ರಕ್ಕೆ ಬನ್ನಿ. ನಾಲ್ಕನೇ ದಿನ ಸಂಜೆ ಪ್ಯಾಕಪ್. ಪಟ್ಟಿಯ ಪ್ರಕಾರ 12 ದೃಶ್ಯ ಮುಗಿದಿರಬೇಕು. ಮುಗಿದದ್ದು 9. ನಿರ್ಮಾಪಕರು ಫೋನಿನಲ್ಲಿ, "ಹೆಂಗಪ್ಪಾ ನಡೀತಾ ಇದೆ?" ಅಂತಾರೆ. ಇವನು, "ಸೂಪರ್ ಸಾರ್! ಮುಕ್ಕಾಲು ಆಗೋಯ್ತು" ಅಂತಾನೆ. ಅವರಿಗೂ ಸಂತೋಷ, ಇವನಿಗೂ ಸಂತೋಷ.

ಈಗ ಲೆಕ್ಕ ಮಾಡಿ. ನಾಲ್ಕು ದಿನಕ್ಕೆ 9 ಎಂದರೆ ದಿನಕ್ಕೆ ಎರಡೂಕಾಲು. ಇದೇ ನಡಿಗೆಯಲ್ಲಿ 30 ದೃಶ್ಯಕ್ಕೆ ಹದಿಮೂರು ದಿನ ದಾಟಿ ಹದಿನಾಲ್ಕನೆಯದು ಬೇಕು. ನಾಲ್ಕು ದಿನ ಹೆಚ್ಚು! ಇದು ನಾಲ್ಕನೇ ದಿನವೇ ಗೊತ್ತಾದರೆ ಉಪಾಯ ಉಂಟು. ಎರಡು ಸಣ್ಣ ದೃಶ್ಯ ಒಂದು ಮಾಡಬಹುದು, ಆಸ್ಪತ್ರೆಯ ದೃಶ್ಯವನ್ನು ಮನೆಯಲ್ಲೇ ತೆಗೆಯಬಹುದು, ಹೀರೋಗೆ ಈಗಲೇ ಹೇಳಿ ಎರಡು ದಿನ ಬೇಡಿಕೊಳ್ಳಬಹುದು. ಒಂಬತ್ತನೇ ದಿನ ಗೊತ್ತಾದರೆ? ಹೀರೋ ಸೂಟ್‌ಕೇಸ್ ಕಟ್ಟಿರುತ್ತಾನೆ, ಕ್ಯಾಮೆರಾ ಬೇರೆಯವರಿಗೆ ಬುಕ್ ಆಗಿರುತ್ತದೆ. ಅಳಲೂ ಹೊತ್ತಿಲ್ಲ.

ಈ ಕಾರಣಕ್ಕೇ ಇಂಥ ಸಾಫ್ಟ್‌ವೇರಿನಲ್ಲಿ 'ಬೇಸ್‌ಲೈನ್' ಎಂಬ ಏರ್ಪಾಡು. ಮೊದಲ ದಿನ ಹಾಕಿದ ಪಟ್ಟಿಯ ಪಡಿಯಚ್ಚು ತೆಗೆದು ಬೀಗ ಹಾಕಿದ ಹಾಗೆ. ಆಮೇಲೆ ನೀವು ಎಷ್ಟು ಸಲ ತಾರೀಖು ತಿದ್ದಿದರೂ ಮೊದಲಿನ ಗೆರೆ ಪಕ್ಕದಲ್ಲೇ ಕೂತು ಅಣಕಿಸುತ್ತಿರುತ್ತದೆ: 'ಅಂದುಕೊಂಡದ್ದು ಇಷ್ಟು, ಆದದ್ದು ಇಷ್ಟು.' ಮುಕ್ಕಾಲು, ಎಂಬತ್ತು ಪರ್ಸೆಂಟು ಎಂಬ ಬಾಯಿಮಾತು ಬೇಡ. ದೃಶ್ಯ ಮುಗಿದಿದೆ ಅಥವಾ ಮುಗಿದಿಲ್ಲ. ಎರಡೇ ಮಾತು. ಪಟ್ಟಿಗೆ ಸುಳ್ಳು ಬರೆದರೆ ಅದು ಮರುದಿನ ಸುಳ್ಳು ತಾರೀಖನ್ನೇ ಹೇಳುತ್ತದೆ.

ತಾರೀಖು ಬದಲಾಗುವುದು ಅವಮಾನ ಅಲ್ಲ. 'ಕೆ.ಜಿ.ಎಫ್. ಚಾಪ್ಟರ್ 2' ಮೊದಲು 2020ರ ಅಕ್ಟೋಬರ್ 23ಕ್ಕೆ ಎಂದರು. ಆಮೇಲೆ 2021ರ ಜುಲೈ 16. ಕೊರೊನಾ ಕಾಲ, ಥಿಯೇಟರುಗಳಿಗೇ ಬೀಗ! ಕೊನೆಗೆ ಬಂದದ್ದು 2022ರ ಏಪ್ರಿಲ್ 14. ಬಂದಾಗ ದೇಶವೇ ನೋಡಿತು. ಇನ್ನೊಂದು ಕಡೆ 'ಕಾಂತಾರ ಚಾಪ್ಟರ್ 1' ನೋಡಿ. 2024ರ ನವೆಂಬರ್‌ನಲ್ಲೇ 2025ರ ಅಕ್ಟೋಬರ್ 2 ಎಂದು ಘೋಷಿಸಿದರು, ಅದೇ ದಿನ ತೆರೆಗೆ ತಂದರು. ಬಿಡುಗಡೆಯ ದಿನವನ್ನು ಮೈಲಿಗಲ್ಲಾಗಿ ನೆಟ್ಟುಬಿಟ್ಟರೆ ಮಿಕ್ಸಿಂಗ್ ಯಾವಾಗ, ಡಬ್ಬಿಂಗ್ ಯಾವಾಗ, ಎಡಿಟಿಂಗ್ ಯಾವಾಗ ಎಂದು ಹಿಂದಕ್ಕೆ ಎಣಿಸಿಕೊಂಡು ಬರಬೇಕು. ಮದುವೆ ಲಗ್ನದಿಂದ ಹಿಂದಕ್ಕೆ ಚಪ್ಪರ, ಅಡುಗೆಯವರು, ಲಗ್ನಪತ್ರಿಕೆ ಎಂದು ಎಣಿಸುವುದಿಲ್ಲವೇ, ಹಾಗೆ.

ಷೂಟಿಂಗ್ ಮುಗಿದರೆ ಚಿತ್ರ ಮುಗಿಯಿತು ಎಂದುಕೊಂಡವರಿಗೆ ಒಂದು ಮಾತು. ಅಪ್ಪು ನಮ್ಮನ್ನು ಬಿಟ್ಟು ಹೋದದ್ದು 2021ರ ಅಕ್ಟೋಬರ್ 29. 'ಜೇಮ್ಸ್' ಚಿತ್ರಕ್ಕೆ ಅವರ ದನಿ ಕೊಡುವ ಕೆಲಸ ಬಾಕಿ ಉಳಿದಿತ್ತು. ತಮ್ಮನ ಪಾತ್ರಕ್ಕೆ ಅಣ್ಣ ಶಿವಣ್ಣ ದನಿ ಕೊಟ್ಟರು. 2022ರ ಮಾರ್ಚ್ 17, ಅಪ್ಪು ಹುಟ್ಟುಹಬ್ಬದ ದಿನ ಚಿತ್ರ ಬಂತು. ಥಿಯೇಟರಿನಲ್ಲಿ ಆವತ್ತು ಶಿಳ್ಳೆಗಿಂತ ಕಣ್ಣೀರೇ ಹೆಚ್ಚು. ಯಾವ ಪಟ್ಟಿಯೂ ಇಂಥದ್ದನ್ನು ಮೊದಲೇ ಹೇಳಲಾರದು. ಆದರೆ ಏನು ಆಗಿದೆ, ಏನು ಬಾಕಿ ಎಂದು ಬರೆದಿಟ್ಟಿದ್ದರೆ ಉಳಿದವರು ಅಲ್ಲಿಂದ ಎತ್ತಿಕೊಂಡು ಮುಂದೆ ನಡೆಯಬಹುದು.

36 ಗಂಟೆಯ ಗುಟ್ಟು

'ಇದೆಲ್ಲ ಲೆಕ್ಕ ಕಲೆಯನ್ನು ಕೊಲ್ಲೋಲ್ವಾ?' ಎಂದು ಕೇಳುವವರಿದ್ದಾರೆ. ಅವರಿಗೆ ಎರಡು ಹೆಸರು ಹೇಳಿ. 1989ರ 'ಇದು ಸಾಧ್ಯ', ನಿರ್ದೇಶನ ದಿನೇಶ್ ಬಾಬು, ತಾರಾಗಣದಲ್ಲಿ ಅನಂತನಾಗ್, ಶಂಕರನಾಗ್. ಚಿತ್ರೀಕರಣ 36 ಗಂಟೆಯಲ್ಲಿ! 2010ರ 'ಸುಗ್ರೀವ', ಶಿವಣ್ಣ ಹೀರೋ, 18 ಗಂಟೆಯಲ್ಲಿ! ಒಬ್ಬ ನಿರ್ದೇಶಕ, ಒಬ್ಬ ಕ್ಯಾಮೆರಾಮನ್‌ನಿಂದ ಆಗುವ ಮಾತಲ್ಲ. ಹಲವರು ಹಲವು ಕಡೆ ಒಟ್ಟಿಗೆ ದುಡಿದರು. ನೆರೆಯ ತಮಿಳಿನಲ್ಲಿ 1999ರ 'ಸುಯಂವರಂ' 24 ಗಂಟೆಯೊಳಗೆ ಮುಗಿಯಿತು.

ಅಷ್ಟು ಬೇಗ ತೆಗೆಯುವುದು ಹುಡುಗಾಟವೇ? ಒಂದು ದೃಶ್ಯದ ನಟ ಇನ್ನೊಂದು ಕಡೆ ಸಿಕ್ಕಿಬಿದ್ದರೆ ಗಂಟೆಯೇ ಹೋಯಿತು. ಕ್ಯಾಮೆರಾ ಓಡುವುದು 18 ಗಂಟೆ, ಅದಕ್ಕೆ ಮುಂಚಿನ ತಯಾರಿಗೆ ಗಂಟೆಯ ಲೆಕ್ಕ ಸಾಲದು. ನೋಡುವವರಿಗೆ ವೇಗ ಕಾಣುತ್ತದೆ, ಪಟ್ಟಿ ಕಾಣುವುದಿಲ್ಲ. ಎಲ್ಲ ಚಿತ್ರವನ್ನೂ ಹೀಗೆ ತೆಗೆಯಬೇಕೆಂದಲ್ಲ. ನಾಳೆ ಏನು ಎಂಬ ಚಿಂತೆ ತಲೆಯಿಂದ ಇಳಿದರೆ ನಿರ್ದೇಶಕನಿಗೆ ಇವತ್ತಿನ ದೃಶ್ಯದ ಮೇಲೆ ಮನಸ್ಸು ನಿಲ್ಲುತ್ತದೆ. ಕಲೆಗೆ ಬೇಕಾದ್ದು ಅದೇ ಅಲ್ಲವೇ?

ಕಲಿಯೋದು ಎಲ್ಲಿ? ಎಷ್ಟು ಖರ್ಚು?

ಈ ಲೇಖಕನೂ ಪಿ.ಯು.ಸಿ. ಮುಗಿಸಿದವನಲ್ಲ. ಮೇಲೆ ಮಾಡಿದ ಲೆಕ್ಕವನ್ನೆಲ್ಲ ಮತ್ತೊಮ್ಮೆ ನೋಡಿ: ಕೂಡುವುದು, ಕಳೆಯುವುದು, ಭಾಗಿಸುವುದು. ಅಷ್ಟೇ!

ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. 'ಗ್ಯಾಂಟ್‌ಪ್ರಾಜೆಕ್ಟ್' ಮತ್ತು 'ಪ್ರಾಜೆಕ್ಟ್‌ಲಿಬ್ರೆ' ಎರಡೂ ದುಡ್ಡಿಲ್ಲದೆ ಸಿಗುತ್ತವೆ, ಕಂಪ್ಯೂಟರ್ ಇದ್ದರೆ ಸಾಕು. ಪ್ರಾಜೆಕ್ಟ್‌ಲಿಬ್ರೆಯಲ್ಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಫೈಲುಗಳನ್ನೂ ತೆಗೆಯಬಹುದು. ಕಂಪ್ಯೂಟರ್ ಇಲ್ಲವೇ? ಮೊಬೈಲಿನ ಗೂಗಲ್ ಶೀಟ್ಸ್‌ನಲ್ಲಿ ಕನ್ನಡದಲ್ಲೇ ದೃಶ್ಯದ ಪಟ್ಟಿ ಮಾಡಿ, ರಟ್ಟಿನ ಪಟ್ಟಿಯ ಹಾಗೆ ಸಾಲಿಗೆ ಬಣ್ಣ ಕೊಟ್ಟು, ಜಾಗದ ಪ್ರಕಾರ ಜೋಡಿಸಬಹುದು. ಕಲಿಯಬೇಕಾದ ಇಂಗ್ಲಿಷ್ ಪದ ಬಹಳ ಇಲ್ಲ. ಟಾಸ್ಕ್ ಎಂದರೆ ಕೆಲಸ. ಡ್ಯುರೇಷನ್ ಎಂದರೆ ಎಷ್ಟು ದಿನ. ಪ್ರಿಡಿಸೆಸರ್ ಎಂದರೆ ಇದಕ್ಕೆ ಮುಂಚೆ ಮುಗಿಯಬೇಕಾದ್ದು. ಮೈಲ್‌ಸ್ಟೋನ್ ಎಂದರೆ ಮುಟ್ಟಲೇಬೇಕಾದ ದಿನ. ರಿಸೋರ್ಸ್, ಬೇಸ್‌ಲೈನ್, ಕ್ರಿಟಿಕಲ್ ಪಾತ್ ಯಾವುವೆಂದು ನಿಮಗೆ ಈಗಾಗಲೇ ಗೊತ್ತು.

ಕಲಿಯಲು ಸಿನಿಮಾವೇ ಆಗಬೇಕೆಂದಿಲ್ಲ. ಊರ ಹಬ್ಬದ ನಾಟಕ, ಅಕ್ಕನ ಮದುವೆ, ಹಿತ್ತಲಲ್ಲಿ ಕಟ್ಟುವ ಕೊಟ್ಟಿಗೆ, ಯಾವುದಾದರೂ ಸರಿ. ಇಪ್ಪತ್ತು ಕೆಲಸ ಬರೆಯಿರಿ. ಪ್ರತಿ ಕೆಲಸದ ಮುಂದೆ 'ಯಾವುದು ಮುಗಿದರೆ ಇದು ಶುರು' ಎಂದು ಬರೆಯಿರಿ. ದಿನ ಎಷ್ಟು ಎಂದು ನೀವೇ ಊಹಿಸಬೇಡಿ; ಮಾಡುವವರನ್ನು ಕೇಳಿ. ಗಾರೆಯವರಿಗೆ ಗೋಡೆಯ ದಿನ ಗೊತ್ತು, ದರ್ಜಿಗೆ ಬಟ್ಟೆಯ ದಿನ ಗೊತ್ತು. ಉದ್ದದ ದಾರಿ ಹುಡುಕಿ. ಆಮೇಲೆ ದಿನಾ ಸಂಜೆ ನಿಜ ಬರೆಯಿರಿ. ಮೊದಲ ಸಲ ನಿಮ್ಮ ಅಂದಾಜೂ ನಡೆದದ್ದೂ ತಾಳೆಯಾಗದು. ಎಲ್ಲಿ, ಎಷ್ಟು, ಯಾಕೆ ತಪ್ಪಿತು ಎಂಬ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ಅದೇ ನಿಮ್ಮ ಮೊದಲ ಪಾಠಪುಸ್ತಕ.

ಗಾಂಧಿನಗರದ ಬಸ್ಸು ಹತ್ತುವ ಹುಡುಗರಲ್ಲಿ ಬಹುಪಾಲು ಜನರ ಜೇಬಿನಲ್ಲಿರುವುದು ತಮ್ಮದೇ ಫೋಟೋ. ಹೀರೋ ಆಗುವ ಆಸೆ ತಪ್ಪಲ್ಲ. ಆದರೆ ಫೋಟೋ ಹಿಡಿದು ನಿಂತವರ ಸಾಲು ಉದ್ದ. ಚಿತ್ರಕಥೆ ಕೈಗೆ ಕೊಟ್ಟರೆ ಬಿಡಿಸಿ, ಜೋಡಿಸಿ, 'ಸಾರ್, ಹತ್ತು ದಿನದಲ್ಲಿ ಆಗೋಲ್ಲ, ಹನ್ನೆರಡು ಬೇಕು, ಇಲ್ಲಿದೆ ನೋಡಿ ಯಾಕೆ ಅಂತ' ಎಂದು ಮುಖಕ್ಕೆ ಹೇಳಬಲ್ಲ ಹುಡುಗನ ಸಾಲು ಅಷ್ಟು ಉದ್ದವಿಲ್ಲ. ಮೊದಲ ದಿನ ಆ ಮಾತು ನಿರ್ಮಾಪಕನಿಗೆ ಕಹಿ. ಅಂದುಕೊಂಡ ದಿನಕ್ಕೆ ಕುಂಬಳಕಾಯಿ ಒಡೆದಾಗ, ಲೈಟ್ ಹುಡುಗರು ಪೂರ್ತಿ ಬಾಟಾ ಎಣಿಸಿಕೊಂಡು ಊರಿನ ಬಸ್ಸು ಹತ್ತಿದಾಗ ಅದೇ ಮಾತು ಅವನಿಗೆ ಸಿಹಿ. ಮುಂದಿನ ಚಿತ್ರಕ್ಕೆ ಅವನು ಮೊದಲು ಫೋನು ಮಾಡುವುದು ನಿಮಗೇ!